ಅರ್ಧ ಸಭೆ ಚರ್ಚಿನಲ್ಲಿ, ಅರ್ಧ ಫೋನಿನಲ್ಲಿ: ಹೇಗೆ ನಡೆಸಲಿ?

ಪ್ರಶ್ನೆ (ಸಕಲೇಶಪುರ ಕಡೆಯ ಸಭಾಪಾಲಕ):
ಹಿರಿಯ ಅಯ್ಯನವರಿಗೆ ವಂದನೆಗಳು. ನಾನು ಈ ಸಭೆಗೆ ಬಂದು ಎರಡು ವರ್ಷ. ಒಟ್ಟು 62 ಮನೆ. ಭಾನುವಾರ 40 ಜನ ಬಂದರೆ ಜಾಸ್ತಿ. 2020ರ ಲಾಕ್‌ಡೌನ್‌ನಲ್ಲಿ ಶುರುವಾದ ಯೂಟ್ಯೂಬ್ ಲೈವ್ ಇನ್ನೂ ನಡೆಯುತ್ತಿದೆ, 30 ಜನ ನೋಡುತ್ತಿದ್ದಾರೆ ಅಂತ ತೋರಿಸುತ್ತದೆ. ಕಮಿಟಿಯ ಹಿರಿಯರೊಬ್ಬರು ಬೈಬಲಿನ ಇಬ್ರಿಯ 10:25 ತೋರಿಸಿ, "ಸಭೆಯಾಗಿ ಕೂಡುವುದನ್ನು ಬಿಡಬಾರದು ಅಂತಿದೆ, ಲೈವ್ ನಿಲ್ಲಿಸಿ" ಅನ್ನುತ್ತಾರೆ. ಯೂತ್‌ನವರು ಎರಡನೇ ಕ್ಯಾಮೆರಾ ಬೇಕು ಅನ್ನುತ್ತಾರೆ. ಯಾರ ಮಾತು ಕೇಳಲಿ?

ಉತ್ತರ (ನಿವೃತ್ತ ಸಭಾಪಾಲಕ, ಹಾಸನ):
ಸದ್ಯಕ್ಕೆ ಇಬ್ಬರದೂ ಬೇಡ. ಮೊದಲು ಆ 30 ಯಾರು ಅಂತ ಒಂದು ನೋಟ್‌ಬುಕ್ಕಿನಲ್ಲಿ ಹೆಸರು ಬರೆಯಿರಿ. ಒಂದೇ ಫೋನಿನ ಮುಂದೆ ನಾಲ್ಕು ಜನ ಕೂತಿರಬಹುದು. ಲೈವ್ ಹಾಕಿಟ್ಟು ಒಲೆ ಹತ್ತಿರ ಹೋದವರೂ ಇರಬಹುದು.

ನಾನು ಹೀಗೆ ಬರೆದಾಗ ನಾಚಿಕೆಯಾಯಿತು. ಸೋಮಾರಿಗಳು ಅಂದುಕೊಂಡಿದ್ದ ಎಷ್ಟೋ ಜನ ಡಿಸೆಂಬರ್, ಜನವರಿಯಲ್ಲಿ ಮಾತ್ರ ಕಾಣೆಯಾಗುತ್ತಿದ್ದರು. ಕಾಫಿ ಕುಯ್ಲು! ಹಣ್ಣಿಗೆ ಭಾನುವಾರ ಗೊತ್ತಿಲ್ಲ ಅಲ್ವಾ? ಅವರಿಗೆ ಬೇಕಿದ್ದದ್ದು ಬೆಳಗಿನ ಲೈವ್ ಅಲ್ಲ, ಸಂಜೆ ತೋಟದ ಕೆಲಸಗಾರರ ಲೈನ್ ಮನೆ ಹತ್ತಿರ ಅರ್ಧ ಗಂಟೆ ಪ್ರಾರ್ಥನೆ.

ಒಬ್ಬ ಅಜ್ಜಿಯ ಮನೆಗೆ ಹೋಗಿದ್ದೆ. ಫೋನನ್ನು ಸ್ಟೀಲ್ ಲೋಟಕ್ಕೆ ಒರಗಿಸಿಟ್ಟುಕೊಂಡು ಆರಾಧನೆ ನೋಡುತ್ತಿದ್ದರಂತೆ. "ಅಯ್ಯನವರೇ, ವಿಶ್ವಾಸ ಪ್ರಮಾಣಕ್ಕೆ ನಾನೂ ಗೋಡೆ ಹಿಡಿದು ಏಳ್ತೀನಿ. ನಾನು ಏಳೋದ್ರೊಳಗೆ ನೀವು ಅರ್ಧ ಮುಗಿಸಿರ್ತೀರಿ" ಅಂದರು. ಮುಂದಿನ ಭಾನುವಾರದಿಂದ "ಎದ್ದು ನಿಲ್ಲೋಣ" ಅಂದ ಮೇಲೆ ಹತ್ತು ಎಣಿಸುವಷ್ಟು ಹೊತ್ತು ಸುಮ್ಮನೆ ನಿಲ್ಲುತ್ತಿದ್ದೆ. ಚರ್ಚಿನಲ್ಲಿದ್ದ ವಯಸ್ಸಾದವರಿಗೂ ಅದೇ ಬೇಕಿತ್ತು ಅಂತ ಆಮೇಲೆ ಗೊತ್ತಾಯಿತು.

ಎರಡನೇ ಕ್ಯಾಮೆರಾದ ದುಡ್ಡಿನಲ್ಲಿ ಮೈಕಿನ ಸೌಂಡ್ ಮಿಕ್ಸರ್‌ನಿಂದ ಫೋನಿಗೆ ನೇರ ವೈರ್ ಎಳೆಸಿ. ಮೂಲೆಯಲ್ಲಿಟ್ಟ ಫೋನಿಗೆ ಫ್ಯಾನಿನ ಸದ್ದೇ ಜಾಸ್ತಿ ಕೇಳುತ್ತದೆ. ಚಿತ್ರ ಮಸುಕಾದರೆ ಜನ ಸಹಿಸಿಕೊಳ್ಳುತ್ತಾರೆ, ಪ್ರಸಂಗ (ಬೋಧನೆ) ಕೇಳಿಸದಿದ್ದರೆ ಎದ್ದು ಹೋಗುತ್ತಾರೆ. ಕ್ಯಾಮೆರಾ ಪುಲ್ಪಿಟ್ (ನಿಂತು ಬೋಧಿಸುವ ಪೀಠ) ಕಡೆಗೆ ಮಾತ್ರ ಇರಲಿ. ನಮ್ಮಲ್ಲಿ ಒಮ್ಮೆ, ಮೊಣಕಾಲೂರಿ ಅಳುತ್ತಿದ್ದ ಹೆಣ್ಣುಮಗಳ ಮುಖ ಲೈವ್‌ನಲ್ಲಿ ಹೋಯಿತು. ಮಧ್ಯಾಹ್ನದ ಊಟದೊಳಗೆ "ಏನಾಯ್ತು, ಏನಾಯ್ತು" ಅಂತ ಬೆಂಗಳೂರಿನಿಂದ ಅವರ ಮನೆಗೆ ಮೂರು ಫೋನ್. ತಪ್ಪು ನನ್ನದೇ, ಕ್ಯಾಮೆರಾ ಹಿಡಿದಿದ್ದ ಹುಡುಗನದಲ್ಲ. (ಕ್ಯಾಮೆರಾ ನೋಡಬೇಕಾದರೆ ಶೆಟ್ಟಿಹಳ್ಳಿಗೆ ಹೋಗಿ. ಹೇಮಾವತಿ ಹಿನ್ನೀರಿನಲ್ಲಿ ನಿಂತ ಆ ಹಳೇ ಚರ್ಚಿನ ಮುಂದೆ ಕ್ಯಾಮೆರಾಗಳಿಗೆ ಬರವಿಲ್ಲ. ಸಭೆ ಮಾತ್ರ ಇಲ್ಲ.)

ಆ ಹಿರಿಯರ ಮೇಲೆ ಬೇಸರ ಬೇಡ, ಅವರ ಭಯ ಸುಳ್ಳಲ್ಲ. ಅವರ ಜೊತೆ ಕೂತು ಬೈಬಲಿನ 2 ಯೋಹಾನ ಪತ್ರದ 12ನೇ ವಚನ ಓದಿ. ಕಾಗದ, ಮಸಿಯಿಂದ ಬರೆಯಲು ಮನಸ್ಸಿಲ್ಲ, ಬಂದು ಮುಖಾಮುಖಿ ಮಾತಾಡುತ್ತೇನೆ ಅನ್ನುತ್ತಾನೆ ಬರೆದವನು. ಹಾಗಂತ ಪತ್ರ ಹರಿದು ಹಾಕಲಿಲ್ಲ, ಕಳಿಸಿದ.

ಚಿಕ್ಕಮಗಳೂರಿನಿಂದ ಒಬ್ಬರು:
ನಮ್ಮಲ್ಲಿ ಮಳೆ ಹಿಡಿದರೆ ಕರೆಂಟೂ ಇಲ್ಲ, ನೆಟ್‌ವರ್ಕೂ ಇಲ್ಲ. ಪ್ರಸಂಗದ ಮಧ್ಯೆ ಲೈವ್ ನಿಂತುಹೋಗುತ್ತದೆ.

ಉತ್ತರ:
ಜೂನ್‌ನಿಂದ ಲೈವ್ ಬಿಟ್ಟುಬಿಡಿ. ಹನ್ನೆರಡು ನಿಮಿಷದ ಆಡಿಯೊ ಮಾಡಿ ವಾಟ್ಸಾಪ್‌ಗೆ ಹಾಕಿ, ನೆಟ್‌ವರ್ಕ್ ಸಿಕ್ಕಾಗ ಕೇಳುತ್ತಾರೆ. ಕೊನೆಯಲ್ಲಿ ಹೆಸರು ಹಿಡಿದು ಪ್ರಾರ್ಥಿಸಿ, ಆದರೆ ಕಾಯಿಲೆ ಏನು ಅಂತ ಹೇಳಬೇಡಿ. ಗ್ರೂಪಿಗೆ ಹಾಕಿದ ಆಡಿಯೊ ಎಲ್ಲೆಲ್ಲಿಗೋ ಹೋಗುತ್ತದೆ.

ಮತ್ತೆ ಸಕಲೇಶಪುರದಿಂದ:
ಇನ್ನೊಂದು, ಅಯ್ಯನವರೇ. ಲೈವ್ ನೋಡುತ್ತಾ ಮನೆಯಲ್ಲೇ ರೊಟ್ಟಿ, ದ್ರಾಕ್ಷಾರಸ ಇಟ್ಟುಕೊಂಡು ಕರ್ತನ ಭೋಜನ ತೆಗೆದುಕೊಳ್ಳಬಹುದಾ ಅಂತ ಕೇಳುತ್ತಾರೆ.

ಉತ್ತರ:
ಕಥೋಲಿಕರಲ್ಲಿ ಅದಕ್ಕೆ ಅವಕಾಶವಿಲ್ಲ. ದೂರ ಇರುವವರು ಆತ್ಮಿಕವಾಗಿ ಸ್ವೀಕರಿಸುವ ಪ್ರಾರ್ಥನೆ ಹೇಳುತ್ತಾರೆ. ನಮ್ಮ ಪ್ರೊಟೆಸ್ಟೆಂಟ್ ಸಭೆಗಳಲ್ಲಿ ಲಾಕ್‌ಡೌನ್ ಹೊತ್ತಿಗೆ ಕೆಲವರು ಹಾಗೆ ನಡೆಸಿದರು, ಕೆಲವರು ಒಪ್ಪಲಿಲ್ಲ. ಬಿಷಪ್ ಅವರನ್ನು ಕೇಳದೆ ಶುರು ಮಾಡಬೇಡಿ. ನಾನಂತೂ ಆರಾಧನೆ ಮುಗಿದ ಕೂಡಲೇ ಯೂತ್ ಹುಡುಗನೊಬ್ಬನ ಬೈಕ್ ಹತ್ತಿ, ರೊಟ್ಟಿ ಮತ್ತು ಪಾತ್ರೆ ಹಿಡಿದು ಹಾಸಿಗೆ ಹಿಡಿದವರ ಮನೆಗಳಿಗೆ ಹೋಗುತ್ತಿದ್ದೆ. ಒಂದು ಭಾನುವಾರಕ್ಕೆ ನಾಲ್ಕೇ ಮನೆ, ಅದಕ್ಕಿಂತ ಜಾಸ್ತಿ ಆಗುತ್ತಿರಲಿಲ್ಲ. ಹುಡುಗನನ್ನು ಹೊರಗೆ ನಿಲ್ಲಿಸಬೇಡಿ, ವಾಕ್ಯ ಅವನೇ ಓದಲಿ.

ಸಕಲೇಶಪುರದಿಂದ, ಮೂರು ದಿನದ ನಂತರ:
ನೋಟ್‌ಬುಕ್ ಶುರು ಮಾಡಿದೆ. 30ರಲ್ಲಿ 17 ಹೆಸರು ಸಿಕ್ಕಿವೆ. ಅದರಲ್ಲಿ ಇಬ್ಬರು ನಮ್ಮ ಕ್ವಾಯರ್‌ನವರೇ (ಹಾಡುವ ತಂಡದವರು). ಚರ್ಚಿನಲ್ಲೇ ಕೂತು, ತಾವು ಹೇಗೆ ಕಾಣುತ್ತೇವೆ ಅಂತ ಫೋನಿನಲ್ಲಿ ನೋಡುತ್ತಿರುತ್ತಾರಂತೆ.