30 ಅಡಿ ಹಾಯಿದೋಣಿ, ಇಬ್ಬರು ಮಕ್ಕಳು: ತಗೊಳ್ಳಲಾ, ಬೇಡ್ವಾ?

ಶಿರಸಿಯವನು, ಆ್ಯನಾಪೊಲಿಸ್, ಮೇರಿಲ್ಯಾಂಡ್:

ಎಲ್ಲರಿಗೂ ನಮಸ್ಕಾರ. ಎರಡು ವಾರದಿಂದ ತಲೆಯಲ್ಲಿ ಒಂದೇ ವಿಷಯ. ಮನೆ ಹತ್ತಿರದ ಮರೀನಾದಲ್ಲಿ (ದೋಣಿ ಕಟ್ಟಿಡುವ ಜಾಗ) 1984ರ ಕ್ಯಾಟಲಿನಾ 30 ಹಾಯಿದೋಣಿ ಮಾರಾಟಕ್ಕಿದೆ. 13,500 ಡಾಲರ್ ಹೇಳುತ್ತಿದ್ದಾರೆ. ಮಾಲೀಕರಿಗೆ ಎಂಬತ್ತರ ಹತ್ತಿರ. ಮೊಣಕಾಲು ನೋವು, ಇನ್ನು ಆಗಲ್ಲ ಅಂತ ಮಾರುತ್ತಿದ್ದಾರೆ.

ನನ್ನ ಆಸೆ ಚಿಕ್ಕದು. ಶನಿವಾರ ಬೆಳಿಗ್ಗೆ ಹೊರಟು ಚೆಸಾಪೀಕ್ ಕೊಲ್ಲಿ ದಾಟಿ, ಸೇಂಟ್ ಮೈಕಲ್ಸ್ ಕಡೆ ಎಲ್ಲಾದರೂ ಲಂಗರು ಹಾಕಿ, ದೋಣಿಯಲ್ಲೇ ಮಲಗಿ, ಭಾನುವಾರ ವಾಪಸ್. ನಾನು ಎರಡು ಬೇಸಿಗೆ ಕ್ಲಾಸಿಗೆ ಹೋಗಿ ಕಲಿತಿದ್ದೇನೆ. ಹೆಂಡತಿಗೆ ಈಜು ಬರಲ್ಲ. ಮಗನಿಗೆ 9, ಮಗಳಿಗೆ 5. ನೋಡಲು ಹೋದ ದಿನ ಮಗ ಮುಂದಿನ ಮೂಲೆಯ ಹಾಸಿಗೆಗೆ ನುಗ್ಗಿ, "ಅಪ್ಪಾ, ಇದು ನನ್ನ ರೂಮ್" ಅಂದುಬಿಟ್ಟ. ಆದರೆ ಕೂವೆಮರದ (ಹಾಯಿ ಕಟ್ಟುವ ಕಂಬ) ಪಕ್ಕ ಕಾಲಿಟ್ಟಾಗ ಡೆಕ್ ಸ್ವಲ್ಪ ಮೆತ್ತಗೆ ಅನ್ನಿಸಿತು. ಒಳಗೆ ಕಿಟಕಿ ಕೆಳಗಿನ ಮರಕ್ಕೆ ಕಪ್ಪು ಕಲೆ. ಇಷ್ಟು ದುಡ್ಡು ಹಾಕಿ ಮಕ್ಕಳನ್ನು ಅಪಾಯಕ್ಕೆ ಒಡ್ಡುತ್ತಿದ್ದೇನಾ ಅಂತ ಭಯ. ಅನುಭವ ಇದ್ದವರು ಹೇಳಿ.

ಗಂಗೊಳ್ಳಿ ಅಕ್ಕ, ಬಾಲ್ಟಿಮೋರ್:

ನಾವು ಹಳೇ ಪಿಯರ್ಸನ್ 30 ಹಾಯಿದೋಣಿಯನ್ನು ಎಂಟು ವರ್ಷ ಇಟ್ಟುಕೊಂಡಿದ್ದೆವು. ಕ್ಯಾಟಲಿನಾ 30 ಒಳ್ಳೆಯ ಆಯ್ಕೆ. ಒಳಗೆ ಜಾಗ ಜಾಸ್ತಿ, ಬಿಡಿಭಾಗ ಸುಲಭವಾಗಿ ಸಿಗುತ್ತವೆ. ಆದರೆ ಮೆತ್ತಗಿನ ಡೆಕ್ ಸಣ್ಣ ವಿಷಯ ಅಲ್ಲ. ಫೈಬರ್‌ಗ್ಲಾಸಿನ ಎರಡು ಪದರದ ನಡುವೆ ಮರ ಇರುತ್ತದೆ. ಸ್ಕ್ರೂ ತೂತಿನಿಂದ ನೀರು ಇಳಿದರೆ ಆ ಮರ ಕೊಳೆಯುತ್ತದೆ. ಹಲಸಿನಹಣ್ಣು ಬಡಿದು ನೋಡ್ತೀವಲ್ಲ, ಹಾಗೇ ಪ್ಲಾಸ್ಟಿಕ್ ಸುತ್ತಿಗೆಯಲ್ಲಿ ಡೆಕ್ ಪೂರ್ತಿ ಬಡಿಯುತ್ತಾ ಹೋಗಿ. ಟಕ್ ಟಕ್ ಅಂದರೆ ಸರಿ. ದಪ್ ಅಂದ ಕಡೆ ಸೀಮೆಸುಣ್ಣದಲ್ಲಿ ಗುರುತು ಮಾಡಿ. ಒಂದು ತಟ್ಟೆಯಷ್ಟು ಜಾಗ ಆದರೆ ರಿಪೇರಿ ಮಾಡಬಹುದು. ಕೂವೆಮರದ ಸುತ್ತ ಪೂರ್ತಿ ಹಾಗಿದ್ದರೆ ಬಿಟ್ಟುಬಿಡಿ.

ಸರ್ವೆ, ಅಂದರೆ ತಿಳಿದವರಿಂದ ದೋಣಿಯ ತಪಾಸಣೆ, ಮಾಡಿಸದೆ ಒಂದು ಡಾಲರೂ ಕೊಡಬೇಡಿ. ಸರ್ವೇಯರ್ ನೀವು ಹಿಡಿದವರೇ ಆಗಿರಲಿ, ಮಾರುವವರು ಹೇಳಿದವರು ಬೇಡ. ನಮಗೆ ದೋಣಿಯ ಉದ್ದದ ಒಂದೊಂದು ಅಡಿಗೂ 25 ಡಾಲರ್ ಲೆಕ್ಕ ಬಿದ್ದಿತ್ತು. ದೋಣಿಯನ್ನು ನೀರಿನಿಂದ ಎತ್ತಿಸಿ ನೋಡಲೇಬೇಕು. ಹಳೇ ಕ್ಯಾಟಲಿನಾಗಳಲ್ಲಿ ಕೀಲ್ (ದೋಣಿಯ ಅಡಿಯಲ್ಲಿ ನೀರೊಳಗೆ ಇಳಿದಿರುವ ಭಾರದ ರೆಕ್ಕೆ) ಮತ್ತು ದೋಣಿಯ ಹೊಟ್ಟೆ ಸೇರುವ ಜಾಗದ ಮುಂದೆ ಬಾಯಿ ನಕ್ಕಂತೆ ಬಿರುಕು ಬರುತ್ತದೆ. ಕೆಲವು ಸಲ ಬೋಲ್ಟ್ ಬಿಗಿ ಮಾಡಿದರೆ ಸಾಕು, ಕೆಲವು ಸಲ ಒಳಗಿನ ಮರವೇ ಹೋಗಿರುತ್ತದೆ. ಎಂಜಿನ್ ಯೂನಿವರ್ಸಲ್ ಡೀಸೆಲ್ ಆದರೆ ಹೆದರಬೇಡಿ, ಅದರ ಒಳಗಿರೋದು ಕುಬೋಟಾ, ಟ್ರ್ಯಾಕ್ಟರ್ ಮಾಡುವವರದ್ದೇ. ನಾನು ಬರುವ ಮೊದಲೇ ಸ್ಟಾರ್ಟ್ ಮಾಡಿಡಬೇಡಿ ಅಂತ ಮಾಲೀಕರಿಗೆ ಹೇಳಿ. ತಣ್ಣಗಿದ್ದಾಗ ಹೇಗೆ ಸ್ಟಾರ್ಟ್ ಆಗುತ್ತದೆ, ಅದೇ ಪರೀಕ್ಷೆ.

ಮೈಸೂರು ಮನೆ, ನ್ಯೂಜೆರ್ಸಿ:

13,500 ಬರೀ ಶುರು ಅಷ್ಟೇ. ಮರೀನಾ ಬಾಡಿಗೆ, ಚಳಿಗಾಲದಲ್ಲಿ ಎತ್ತಿಡೋದು, ವಿಮೆ, ತಳಕ್ಕೆ ಬಣ್ಣ. ನನ್ನ ಸಹೋದ್ಯೋಗಿಗೆ ವರ್ಷಕ್ಕೆ 6,000 ಆಗುತ್ತದೆ. ಜೊತೆಗೆ ಕೊಳ್ಳುವಾಗ ಒಂದು ಸಲ ಮೇರಿಲ್ಯಾಂಡ್ 5% ತೆರಿಗೆ. ಒಂದು ಬೇಸಿಗೆ ಬಾಡಿಗೆ ದೋಣಿಯಲ್ಲಿ ಹೋಗಿ ನೋಡಿ.

ಧಾರವಾಡದ ಮಾಮಾ, ವರ್ಜೀನಿಯಾ:

ತಮ್ಮಾ, ಮೂವತ್ತು ವರ್ಷದಿಂದ ಇಲ್ಲಿದ್ದೇನೆ. ನೇರವಾಗಿ ಹೇಳುತ್ತೇನೆ, ದೋಣಿ ಬೇಡ. ದುಡ್ಡಿನ ಮಾತಲ್ಲ. ವಾರದಲ್ಲಿ ಮಕ್ಕಳು ನಮಗೆ ಸಿಗೋದು ಎರಡೇ ದಿನ. ಕನ್ನಡ ಶಾಲೆ ಇರೋದು ಭಾನುವಾರ ಬೆಳಿಗ್ಗೆ. ಏಪ್ರಿಲ್‌ನಿಂದ ಅಕ್ಟೋಬರ್ ತನಕ ನೀವು ನೀರಿನ ಮೇಲಿದ್ದರೆ ಆ ಹುಡುಗನಿಗೆ ಒತ್ತಕ್ಷರ ಕಲಿಸೋರು ಯಾರು?

ಹೋದ ವರ್ಷ ಮೊಮ್ಮಗನನ್ನು ಧಾರವಾಡಕ್ಕೆ ಕರೆದುಕೊಂಡು ಹೋಗಿದ್ದೆ. ನನ್ನ ಅಕ್ಕ ಅವನಿಗೆ ಅಂತ ಗಿರ್ಮಿಟ್ ಮಾಡಿ, ತಟ್ಟೆ ಹಿಡಿದು ಎದುರಿಗೇ ಕೂತಳು. "ಇನ್ನಷ್ಟು ಹಾಕಲಾ?" ಅಂದಳು. ಅವನು ನನ್ನ ಮುಖ ನೋಡಿದ. ಅವಳೂ ನನ್ನ ಮುಖ ನೋಡಿದಳು. ನಾನು ನಡುವೆ ಕೂತು ಅಷ್ಟು ಚಿಕ್ಕ ಮಾತನ್ನು ಇಂಗ್ಲಿಷಿಗೆ ತಿರುಗಿಸಿ ಹೇಳಿದೆ. ನನ್ನ ಮಕ್ಕಳಿಗೆ ಸಾಕರ್, ಪಿಯಾನೊ, ಗಣಿತ ಎಲ್ಲ ಕಲಿಸಿದೆ. ಕನ್ನಡ ಆಮೇಲೆ ಅಂದೆ. ಆ ಆಮೇಲೆ ಬರಲೇ ಇಲ್ಲ. ದೋಣಿ ಹತ್ತು ವರ್ಷ ಬಿಟ್ಟೂ ಸಿಗುತ್ತದೆ.

ತುಮಕೂರು ಅಮ್ಮ:

ಮಾಮಾ, ನೂರಕ್ಕೆ ನೂರು ನಿಜ. ಕಣ್ಣಲ್ಲಿ ನೀರು ಬಂತು.

ಹಾಸನದವಳು, ಡೆಲವೇರ್:

ಶಾಲೆಗೆ ಕಳಿಸಿದರೆ ಭಾಷೆ ಬರುತ್ತಾ? ನಮ್ಮವಳು ಆರು ವರ್ಷ ಹೋದಳು. ವರ್ಣಮಾಲೆ ಚೆನ್ನಾಗಿ ಬರೆಯುತ್ತಾಳೆ, ಮಾತು ಬರಲ್ಲ. ಮನೆಯಲ್ಲಿ ನಾವಿಬ್ಬರೂ ಇಂಗ್ಲಿಷ್‌ನಲ್ಲೇ ಮಾತಾಡುತ್ತಿದ್ದೆವು, ತಪ್ಪು ನಮ್ಮದು.

ಧಾರವಾಡದ ಮಾಮಾ:

ಶಾಲೆ ಇಲ್ಲದಿದ್ದರೆ ಆ ವರ್ಣಮಾಲೆಯೂ ಬರುತ್ತಿರಲಿಲ್ಲ ತಂಗಿ. ಅದಕ್ಕೇ ಹೇಳೋದು, ಭಾನುವಾರ ತಪ್ಪಿಸಬೇಡಿ.

ದಾವಣಗೆರೆ, ಮೇರಿಲ್ಯಾಂಡ್:

ನಾನು ಒಂದು ಭಾನುವಾರವೂ ತಪ್ಪಿಸಲಿಲ್ಲ. ಮಗನನ್ನು ಬಿಟ್ಟು, ಪಾರ್ಕಿಂಗ್‌ನಲ್ಲಿ ಕಾರೊಳಗೇ ಕೂತು ಆಫೀಸ್ ಕಾಲ್ ಮುಗಿಸುತ್ತಿದ್ದೆ. ಈಗ ಅವನಿಗೆ ಕನ್ನಡ ಚೆನ್ನಾಗಿ ಬರುತ್ತದೆ. ಸಿಯಾಟಲ್‌ನಿಂದ ಫೋನ್ ಮಾಡಿದರೆ ಕನ್ನಡದಲ್ಲೇ "ಊಟ ಆಯ್ತಾ?" ಅಂತಾನೆ, "ಆಯ್ತು" ಅಂತೀನಿ, ಮುಂದೆ ಇಬ್ಬರಿಗೂ ಮಾತು ಸಿಗಲ್ಲ. ಒಂದು ರಾತ್ರಿ ಅವನ ಜೊತೆ ದೋಣಿಯಲ್ಲಿ ಮಲಗಿದ್ದರೆ ಹೇಗಿರುತ್ತಿತ್ತೋ. ತಗೊಳ್ಳಿ ಸರ್.

ಉಡುಪಿ ಅಪ್ಪ, ರೋಡ್ ಐಲೆಂಡ್:

ನನ್ನ ಮಗಳು 8ನೇ ವಯಸ್ಸಿಗೆ ಆಪ್ಟಿಮಿಸ್ಟ್ ಅನ್ನುವ ಪುಟ್ಟ ದೋಣಿ ಹತ್ತಿದಳು. ಈಗ ಕಾಲೇಜಿನ ಸೇಲಿಂಗ್ ತಂಡದಲ್ಲಿದ್ದಾಳೆ. ಗಾಳಿ ಬಂದಾಗ ಅವಳು ಒಬ್ಬಳೇ ಹಗ್ಗ ಹಿಡಿದು ಕೂತಿದ್ದು ನೋಡಬೇಕಿತ್ತು ನೀವು. ನಮ್ಮ ಕರಾವಳಿ ರಕ್ತ ಅಲ್ವಾ. ಮಕ್ಕಳನ್ನು ಮೊದಲು ಚಿಕ್ಕ ದೋಣಿಗೆ ಹಾಕಿ.

ಶಿರಸಿಯವನು:

ಎಲ್ಲರಿಗೂ ಧನ್ಯವಾದ. ಮಾಮಾ, ನಿಮ್ಮ ಮಾತು ಓದಿ ರಾತ್ರಿ ಹೆಂಡತಿ ಜೊತೆ ತುಂಬಾ ಹೊತ್ತು ಕೂತಿದ್ದೆ. ಮನೆಯಲ್ಲಿ ನಾವು ಕನ್ನಡವೇ ಮಾತಾಡೋದು. ಆದರೂ ಭಾನುವಾರದ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇಲ್ಲ. ಅಕ್ಕಾ, ಹೆಂಡತಿಯ ಭಯಕ್ಕೆ ಏನು ಮಾಡಲಿ?

ಗಂಗೊಳ್ಳಿ ಅಕ್ಕ:

ಅವಳನ್ನು ಒಪ್ಪಿಸೋಕೆ ಹೋಗಬೇಡಿ, ಚುಕ್ಕಾಣಿ ಅವಳ ಕೈಗೆ ಕೊಡಿ. ನೀವು ನೀರಿಗೆ ಬಿದ್ದರೆ ದೋಣಿ ತಿರುಗಿಸಿ ತರೋಳು ಅವಳೇ. ನನಗೂ ಮೊದಲ ವರ್ಷ ಕೈ ನಡುಗುತ್ತಿತ್ತು. ಚಳಿಗಾಲದಲ್ಲಿ ದೊಡ್ಡವರ ಈಜು ಕ್ಲಾಸಿಗೆ ಸೇರಿಸಿ. ಮೇರಿಲ್ಯಾಂಡ್‌ನಲ್ಲಿ 21 ಅಡಿಗಿಂತ ಚಿಕ್ಕ ದೋಣಿ ಓಡುವಾಗ 13ರೊಳಗಿನ ಮಕ್ಕಳಿಗೆ ಲೈಫ್ ಜಾಕೆಟ್ ಕಡ್ಡಾಯ. ನಿಮ್ಮದು 30 ಅಡಿ ಇದ್ದರೂ ಡೆಕ್ ಮೇಲೆ ಬಂದರೆ ಜಾಕೆಟ್, ಅದರಲ್ಲಿ ಮಾತಿಲ್ಲ. ಚಿಕ್ಕವಳಿಗಾಗಿ ಸುತ್ತಲಿನ ಕಂಬಿಗೆ ಬಲೆ ಕಟ್ಟಿಸಿ. ಜುಲೈನಲ್ಲಿ ಮಧ್ಯಾಹ್ನದ ಮೇಲೆ ಗುಡುಗು ಮಳೆ ನುಗ್ಗುತ್ತದೆ, ಅಷ್ಟರಲ್ಲಿ ಲಂಗರು ಬಿದ್ದಿರಬೇಕು.

ಭಾನುವಾರದ್ದು ಮಾಮಾ ಹೇಳಿದ್ದು ಸರಿ. ನಾವು ಎರಡು ವಾರಕ್ಕೊಮ್ಮೆ ಹೋಗುತ್ತಿದ್ದೆವು. ಸರ್ವೆಗೆ ಮೊದಲು ಇನ್ನೊಂದು ಕೆಲಸ ಮಾಡಿ. ಜೋರು ಮಳೆ ಬಂದ ಮಾರನೇ ದಿನ ದೋಣಿಗೆ ಹೋಗಿ, ಆ ಕಪ್ಪು ಕಲೆ ಮೇಲೆ ಅಂಗೈ ಇಟ್ಟು ನೋಡಿ. ಒಣಗಿದ್ದರೆ ಹಳೇ ಕಲೆ. ಕೈ ಒದ್ದೆಯಾದರೆ ನೀರು ಈಗಲೂ ಇಳಿಯುತ್ತಿದೆ ಅಂತ.

ಶಿರಸಿಯವನು:

ಗುರುವಾರ ಮಳೆ ಇದೆ ಅಕ್ಕಾ. ಶುಕ್ರವಾರ ಹೋಗುತ್ತೇವೆ, ಹೆಂಡತಿಯೂ ಬರುತ್ತಾಳಂತೆ.