ಸೆಪ್ಟೆಂಬರ್ ಕೊನೆಯ ವಾರ ಊಟಿ: ಮಳೆ ಹೇಗೆ, ಮೈಸೂರಿನಿಂದ ಯಾವ ದಾರಿ?

ಚಾಮುಂಡಿತಪ್ಪಲು:
ಎಲ್ಲರಿಗೂ ನಮಸ್ಕಾರ. ಸೆಪ್ಟೆಂಬರ್ ಕೊನೆಯ ವಾರ ಮೈಸೂರಿನಿಂದ ಸ್ವಂತ ಕಾರಿನಲ್ಲಿ ಊಟಿಗೆ ಹೊರಡುವ ಯೋಚನೆ. ಎರಡು ರಾತ್ರಿ, ಮೂರು ಹಗಲು. ನಾಲ್ಕು ಜನ: ನಾವಿಬ್ಬರು, ಎಪ್ಪತ್ತು ದಾಟಿದ ಅಮ್ಮ, ಏಳು ವರ್ಷದ ಮಗಳು. ಮೂರು ಪ್ರಶ್ನೆ. ಒಂದು, ಆ ಹೊತ್ತಿಗೆ ಮಳೆ ನಿಂತಿರುತ್ತದೆಯೇ? ಎರಡು, ಮಸಿನಗುಡಿ ದಾರಿ ಒಳ್ಳೆಯದೋ ಗೂಡಲೂರು ದಾರಿಯೋ? ಮೂರು, ಇ-ಪಾಸ್ ಈಗಲೂ ಬೇಕೇ? ಘಾಟಿಯಲ್ಲಿ ಗಾಡಿ ಓಡಿಸಿ ಹೆಚ್ಚು ರೂಢಿಯಿಲ್ಲ, ಅದನ್ನೂ ಗಮನದಲ್ಲಿಟ್ಟು ಹೇಳಿ.

ಹಿಂಗಾರುಗಾಳಿ:
ಮಳೆಯ ಪ್ರಶ್ನೆಗೆ ಮೊದಲು. ನೀಲಗಿರಿಯಲ್ಲಿ "ಮಳೆ ನಿಂತಿದೆಯೇ" ಎಂದು ಕೇಳಿದರೆ ಸಾಲದು, "ಯಾವ ಮಗ್ಗುಲಲ್ಲಿ" ಎಂದೂ ಕೇಳಬೇಕು. ಜೂನ್‌ನಿಂದ ಆಗಸ್ಟ್‌ವರೆಗೆ ಮುಂಗಾರು ಪಶ್ಚಿಮದ ಮಗ್ಗುಲನ್ನು ಹೊಡೆಯುತ್ತದೆ: ಗೂಡಲೂರು, ನಡುವಟ್ಟಂ, ಪೈಕಾರ, ಅವಲಾಂಚಿ. 2019ರ ಆಗಸ್ಟ್‌ನಲ್ಲಿ ಅವಲಾಂಚಿಯಲ್ಲಿ ಒಂದೇ ದಿನ 80 ಸೆಂ.ಮೀ.ಗೂ ಹೆಚ್ಚು ಮಳೆ ಬಿದ್ದಿತ್ತು. ಅಕ್ಟೋಬರ್ ಮಧ್ಯದ ಹೊತ್ತಿಗೆ ಗಾಳಿ ದಿಕ್ಕು ಬದಲಿಸಿ ಹಿಂಗಾರು ಶುರುವಾಗುತ್ತದೆ. ಆಗ ಪೆಟ್ಟು ತಿನ್ನುವುದು ಪೂರ್ವದ ಮಗ್ಗುಲು: ಕೂನೂರು, ಕೋತಗಿರಿ, ಮೇಟ್ಟುಪಾಳ್ಯಂ ಘಾಟಿ. 2009ರ ನವೆಂಬರ್‌ನಲ್ಲಿ ಕೂನೂರು, ಕೇತಿ ಸುತ್ತ ಗುಡ್ಡ ಕುಸಿದು ನಲವತ್ತಕ್ಕೂ ಹೆಚ್ಚು ಜನ ಸತ್ತದ್ದು ಈ ಮಳೆಗೇ.

ನೀವು ಹೇಳುವ ವಾರ ಈ ಎರಡರ ನಡುವಿನ ಸಂದಿ. ಹಾಗೆಂದು ಒಣಗಿರುತ್ತದೆ ಅಂದುಕೊಳ್ಳಬೇಡಿ. ಬೆಳಿಗ್ಗೆ ತಿಳಿಯಾದ ಆಕಾಶ, ಹನ್ನೊಂದರ ಮೇಲೆ ಮೋಡ, ಮಧ್ಯಾಹ್ನ ಎರಡು ಮೂರರ ನಂತರ ಒಂದು ಜಡಿಮಳೆ. ಇದು ಆ ವಾರದ ಮಾಮೂಲಿ ವರಸೆ. ಆದ್ದರಿಂದ ದೂರದ ನೋಟ ಬೇಕಾದ ಜಾಗಗಳೆಲ್ಲ ಬೆಳಿಗ್ಗೆಗೇ ಇರಲಿ. ದೊಡ್ಡಬೆಟ್ಟ 2,637 ಮೀಟರ್. ಮೋಡ ಕವಿದ ಮೇಲೆ ಅಲ್ಲಿಗೆ ಹೋದರೆ ಟಿಕೆಟ್ ಕೊಟ್ಟು ಬಿಳಿ ಗೋಡೆ ನೋಡಿ ಬಂದಂತೆ. ತೋಟ, ಅಂಗಡಿ, ಚಹಾ ಕಾರ್ಖಾನೆಗಳನ್ನು ಮಧ್ಯಾಹ್ನಕ್ಕೆ ಬಿಡಿ.

ಚಳಿ: ಹಗಲು ಹದಿನೆಂಟು ಡಿಗ್ರಿ ಆಸುಪಾಸು, ರಾತ್ರಿ ಹನ್ನೊಂದು ಹನ್ನೆರಡು. ಹುಲ್ಲಿನ ಮೇಲೆ ಹಿಮ ಕಟ್ಟುವುದು ಡಿಸೆಂಬರ್, ಜನವರಿಯಲ್ಲಿ, ಈಗಲ್ಲ. ದಪ್ಪ ಜಾಕೆಟ್ ಒಂದರ ಬದಲು ತೆಳು ಸ್ವೆಟರ್ ಮತ್ತು ಅದರ ಮೇಲೆ ನೀರು ತಡೆಯುವ ಜರ್ಕಿನ್ ಒಳ್ಳೆಯದು, ಏಕೆಂದರೆ ಇಲ್ಲಿ ತೊಂದರೆ ಕೊಡುವುದು ಚಳಿಗಿಂತ ತೇವ. ಅಮ್ಮನಿಗೆ ಕಿವಿ ಮುಚ್ಚುವ ಟೋಪಿ, ಎಲ್ಲರಿಗೂ ಎರಡು ಜೊತೆ ಕಾಲುಚೀಲ ಹೆಚ್ಚಿಗೆ. ಒದ್ದೆಯಾದದ್ದು ಅಲ್ಲಿ ಒಂದು ದಿನಕ್ಕೆ ಒಣಗುವುದಿಲ್ಲ.

ಸೆಕೆಂಡ್‌ಗೇರ್:
ದಾರಿ ವಿಚಾರ. ಮೈಸೂರು, ನಂಜನಗೂಡು, ಗುಂಡ್ಲುಪೇಟೆ, ಬಂಡೀಪುರ, ತೆಪ್ಪಕಾಡು. ಇಲ್ಲಿಯವರೆಗೆ ಎರಡೂ ಒಂದೇ. ತೆಪ್ಪಕಾಡಿನಲ್ಲಿ ಕವಲು. ಎಡಕ್ಕೆ ಮಸಿನಗುಡಿ, ಕಲ್ಹಟ್ಟಿ ಘಾಟಿ: ಒಟ್ಟು ಸುಮಾರು 125 ಕಿ.ಮೀ. ನೇರ ಹೋದರೆ ಗೂಡಲೂರು, ನಡುವಟ್ಟಂ, ಪೈಕಾರ: ಸುಮಾರು 155. ಮೂವತ್ತು ಕಿಲೋಮೀಟರ್ ಉಳಿಯುತ್ತದೆ ಎಂಬ ಆಸೆಗೆ ಎಲ್ಲರೂ ಕಲ್ಹಟ್ಟಿ ಹಿಡಿಯುತ್ತಾರೆ. ಆದರೆ ಅಲ್ಲಿ 36 ಹೇರ್‌ಪಿನ್ ತಿರುವುಗಳು, ಏರು ಬಹಳ ಕಡಿದು. ಗೂಡಲೂರು ದಾರಿ ಅಗಲ, ಬಸ್ಸುಗಳೂ ಅದರಲ್ಲೇ ಓಡಾಡುತ್ತವೆ. ಘಾಟಿ ರೂಢಿಯಿಲ್ಲ ಎಂದಿದ್ದೀರಿ. ಹೋಗುವಾಗ, ಬರುವಾಗ ಎರಡೂ ಸಲ ಗೂಡಲೂರು ಎನ್ನುವುದು ನನ್ನ ಮಾತು.

ಇಳಿಯುವಾಗ ಕಲ್ಹಟ್ಟಿ ನಿಮಗೆ ಹೇಗೂ ಸಿಗುವುದಿಲ್ಲ. ಸಾಲುಸಾಲು ಅಪಘಾತಗಳ ನಂತರ ನೀಲಗಿರಿಯ ಟಿಎನ್ 43 ನೋಂದಣಿ ಇಲ್ಲದ ಗಾಡಿಗಳನ್ನು ಊಟಿ ಕಡೆಯಿಂದ ಆ ಘಾಟಿಗೆ ಇಳಿಯಲು ಬಿಡುವುದಿಲ್ಲ. ಮ್ಯಾಪ್ ನೋಡಿ ತಲೈಕುಂದದವರೆಗೆ ಬಂದು, ಅಲ್ಲಿ ಪೊಲೀಸರು ತಡೆದಾಗ ವಾದಕ್ಕಿಳಿಯುವ ಕೆಎ ಗಾಡಿಗಳಿಗೆ ಕೊರತೆಯಿಲ್ಲ.

ಬಂಡೀಪುರ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಬಂದ್. ಹಿಂತಿರುಗುವ ದಿನ ಊಟಿಯನ್ನು ಮಧ್ಯಾಹ್ನ ಮೂರಕ್ಕೆ ಬಿಡುವ ಹಾಗೆ ಲೆಕ್ಕ ಹಾಕಿ. ಗೂಡಲೂರಿಗೆ 50 ಕಿ.ಮೀ. ಆದರೂ ಎರಡು ಗಂಟೆ ಹಿಡಿಯುತ್ತದೆ, ಮಂಜು ಬಂದರೆ ಇನ್ನೂ ಅರ್ಧ ಗಂಟೆ. ಕತ್ತಲಾಗುವ ಮುನ್ನ ಕಾಡು ದಾಟಿದರೆ ಕ್ಷೇಮ. ಕಾಡಿನೊಳಗೆ ಗಾಡಿ ನಿಲ್ಲಿಸಬಾರದು, ಇಳಿಯಬಾರದು, ಕೋತಿಗೆ ಬಾಳೆಹಣ್ಣು ಹಾಕಬಾರದು. ದಂಡ ಬೀಳುತ್ತದೆ. ಪೆಟ್ರೋಲ್ ಗುಂಡ್ಲುಪೇಟೆಯಲ್ಲೇ ತುಂಬಿಸಿ.

ಈಗ ಮುಖ್ಯ ವಿಷಯ. ಘಾಟಿಯಲ್ಲಿ ಕೆಡುವುದು ಹತ್ತುವಾಗಲ್ಲ, ಇಳಿಯುವಾಗ. ಬ್ರೇಕ್ ಮೇಲೇ ಕಾಲಿಟ್ಟು ಇಳಿದರೆ ಪ್ಯಾಡ್ ಕಾದು ಹಿಡಿತ ಕಳೆದುಕೊಳ್ಳುತ್ತದೆ. ಇನ್ನೂ ಕಾದರೆ ಬ್ರೇಕ್ ಆಯಿಲ್ ಕುದಿದು ಪೈಪಿನಲ್ಲಿ ಗುಳ್ಳೆ ಏಳುತ್ತದೆ. ಆಗ ಪೆಡಲ್ ಮೆತ್ತಗಾಗಿ ನೆಲಕ್ಕೇ ಹೋಗುತ್ತದೆ. ಹಳೆಯ ಆಯಿಲ್ ತೇವ ಹೀರಿಕೊಂಡಿರುವುದರಿಂದ ಬೇಗ ಕುದಿಯುತ್ತದೆ. ಎರಡು ವರ್ಷದಿಂದ ಬದಲಿಸಿಲ್ಲವಾದರೆ ಹೊರಡುವ ಮೊದಲೇ ಬದಲಿಸಿ. ಯಾವ ಗೇರಿನಲ್ಲಿ ಹತ್ತುತ್ತದೋ ಅದೇ ಗೇರಿನಲ್ಲಿ ಇಳಿಸಿ, ಬಹುಪಾಲು ಸೆಕೆಂಡ್. ಎಂಜಿನ್ನೇ ಗಾಡಿಯನ್ನು ಹಿಡಿದಿರುತ್ತದೆ. ತಿರುವಿನ ಮೊದಲು ಗಟ್ಟಿಯಾಗಿ ಒಮ್ಮೆ ಬ್ರೇಕ್ ಒತ್ತಿ ಬಿಡಿ, ಉದ್ದಕ್ಕೂ ಮೆಲ್ಲಗೆ ಒತ್ತಿಕೊಂಡೇ ಇರಬೇಡಿ. ನ್ಯೂಟ್ರಲ್ ಹಾಕುವುದು, ಎಂಜಿನ್ ಆಫ್ ಮಾಡುವುದು ಆತ್ಮಹತ್ಯೆ. ಎಂಜಿನ್ ನಿಂತರೆ ಬ್ರೇಕಿಗೆ ಬಲ ಕೊಡುವ ಬೂಸ್ಟರ್ ಎರಡು ಮೂರು ಒತ್ತಿಗೇ ಖಾಲಿ, ಸ್ಟಿಯರಿಂಗೂ ಕಲ್ಲಾಗುತ್ತದೆ.

ಸುಟ್ಟ ವಾಸನೆ ಬಂದರೆ ಸಮತಟ್ಟು ಜಾಗದಲ್ಲಿ ನಿಲ್ಲಿಸಿ, ಗೇರಿನಲ್ಲಿ ಬಿಟ್ಟು, ಚಕ್ರಕ್ಕೆ ಕಲ್ಲು ಕೊಟ್ಟು ಅರ್ಧ ಗಂಟೆ ಆರಲು ಬಿಡಿ. ಮೇಲೆ ನೀರು ಸುರಿಯಬೇಡಿ, ಕಾದ ಡಿಸ್ಕ್ ಡೊಂಕಾಗುತ್ತದೆ. ಏರುವ ಗಾಡಿಗೆ ಯಾವಾಗಲೂ ದಾರಿ ಬಿಡಿ. ಮಂಜಿನಲ್ಲಿ ಹೈಬೀಮ್ ಹಾಕಿದರೆ ಬೆಳಕು ನಿಮ್ಮ ಕಣ್ಣಿಗೇ ವಾಪಸ್ ಬರುತ್ತದೆ, ಲೋಬೀಮ್ ಸಾಕು.

ಕೇತಿಕಣಿವೆ:
ಇ-ಪಾಸ್ ಬೇಕು. ಮದ್ರಾಸ್ ಹೈಕೋರ್ಟ್ ಆದೇಶದಂತೆ 2024ರ ಮೇ 7ರಿಂದ ನೀಲಗಿರಿ ಮತ್ತು ಕೊಡೈಕೆನಾಲ್ ಎರಡಕ್ಕೂ ಬಂದದ್ದು. ದುಡ್ಡಿಲ್ಲ. ತಮಿಳುನಾಡು ಸರ್ಕಾರದ ಇ-ಪಾಸ್ ಸೈಟಿನಲ್ಲಿ ಮೊಬೈಲ್ ನಂಬರಿಗೆ ಬರುವ ಒಟಿಪಿ, ಗಾಡಿ ನಂಬರ್, ಎಷ್ಟು ಜನ, ಬರುವ ಹೋಗುವ ದಿನ, ಉಳಿಯುವ ಜಾಗ ಇಷ್ಟು ತುಂಬಿದರೆ ಕ್ಯೂಆರ್ ಕೋಡ್ ಸಿಗುತ್ತದೆ. ಪಾಸ್ ಗಾಡಿಗೆ, ಜನಕ್ಕಲ್ಲ. ಸರ್ಕಾರಿ ಬಸ್ಸಿನಲ್ಲಿ ಬರುವವರಿಗೆ ಬೇಕಿಲ್ಲ. 2025ರ ಬೇಸಿಗೆಯಲ್ಲಿ ವಾರದ ದಿನಕ್ಕೆ 6,000, ಶನಿವಾರ ಭಾನುವಾರ 8,000 ಗಾಡಿ ಎಂದು ಮಿತಿ ಹಾಕಿದ್ದರು. ಹಾಗಾಗಿ ರೂಮ್ ಬುಕ್ ಮಾಡಿದ ದಿನವೇ ಪಾಸನ್ನೂ ತೆಗೆದುಬಿಡಿ. ಸ್ಕ್ರೀನ್‌ಶಾಟ್ ಫೋನಿನಲ್ಲಿರಲಿ, ಕಾಡಿನೊಳಗಿನ ಚೆಕ್‌ಪೋಸ್ಟಿನಲ್ಲಿ ಸಿಗ್ನಲ್ ನಂಬುವಂತಿಲ್ಲ.

ಪ್ಲಾಸ್ಟಿಕ್: ಒಂದು ಲೀಟರ್, ಎರಡು ಲೀಟರ್ ನೀರಿನ ಬಾಟಲಿ ಗಡಿಯಲ್ಲೇ ಕಿತ್ತುಕೊಳ್ಳುತ್ತಾರೆ, ದಂಡವೂ ಇದೆ. ಸ್ಟೀಲ್ ಬಾಟಲಿ ತನ್ನಿ, ಊರೊಳಗೆ ನೀರಿನ ಎಟಿಎಂಗಳಿವೆ. ತಿಂಡಿ ಡಬ್ಬಿಯಲ್ಲಿರಲಿ, ಕವರಿನಲ್ಲಿ ಬೇಡ.

ರೂಮ್ ಹಿಡಿಯುವಾಗ ಫೋನ್ ಮಾಡಿ ಮೂರು ಮಾತು ಕೇಳಿ. ಬಿಸಿನೀರು ಎಷ್ಟರಿಂದ ಎಷ್ಟರವರೆಗೆ (ಅನೇಕ ಕಡೆ ಬೆಳಿಗ್ಗೆ ಮಾತ್ರ). ಹೀಟರ್ ಬಾಡಿಗೆಯಲ್ಲಿ ಸೇರಿದೆಯೋ ಪ್ರತ್ಯೇಕವೋ. ಗಾಡಿ ಬಾಗಿಲವರೆಗೆ ಬರುತ್ತದೋ, ಇಲ್ಲಾ ಮೆಟ್ಟಿಲಿಳಿಯಬೇಕೋ. ಊಟಿಯಲ್ಲಿ "ವ್ಯಾಲಿ ವ್ಯೂ" ಎಂದರೆ ಸಾಮಾನ್ಯವಾಗಿ ನಲವತ್ತು ಮೆಟ್ಟಿಲು ಎಂದೇ ಅರ್ಥ. ಗುಡ್ಡಕ್ಕೆ ಒರಗಿದ ಕೆಳಗಿನ ಅಂತಸ್ತಿನ ಕೋಣೆಗಳಲ್ಲಿ ಮಳೆಗಾಲ ಮುಗಿದ ಹೊತ್ತಿಗೆ ಗೋಡೆ ಬೂಷ್ಟು ಹಿಡಿದಿರುತ್ತದೆ. ಉಬ್ಬಸವಿದ್ದವರಿಗೆ ಅದು ಆಗಬರುವುದಿಲ್ಲ. ಬಿಸಿಲು ಬೀಳುವ ಮೇಲಿನ ಕೋಣೆ ಕೇಳಿ.

ಚಾಮುಂಡಿತಪ್ಪಲು:
ಎಲ್ಲರಿಗೂ ತುಂಬಾ ಧನ್ಯವಾದ. ಇನ್ನೆರಡು ಸಂದೇಹ. ನಮ್ಮದು ಆಟೊಮ್ಯಾಟಿಕ್ ಗಾಡಿ, ಅದರಲ್ಲಿ ಸೆಕೆಂಡ್ ಗೇರ್ ಹೇಗೆ? ಅಮ್ಮನಿಗೆ ಮಂಡಿನೋವು, ಯಾವ ಜಾಗ ಬಿಡಬೇಕು? ಮಗಳಿಗೆ ಪುಟಾಣಿ ರೈಲು ಹತ್ತಲೇಬೇಕಂತೆ.

ಸೆಕೆಂಡ್‌ಗೇರ್:
ಆಟೊಮ್ಯಾಟಿಕ್‌ನಲ್ಲಿ ಡಿ ಬಿಟ್ಟು ಎಂ, ಎಲ್ ಅಥವಾ 2 ಏನಿದೆಯೋ ಅದಕ್ಕೆ ಲಿವರ್ ತನ್ನಿ. ಡಿಯಲ್ಲೇ ಇಳಿದರೆ ಗಾಡಿ ಮೇಲಿನ ಗೇರಿಗೆ ಹಾರಿ, ಎಂಜಿನ್ ಹಿಡಿತ ತಪ್ಪಿ, ಭಾರವೆಲ್ಲ ಬ್ರೇಕಿಗೆ ಬೀಳುತ್ತದೆ. ಎಎಂಟಿ (ಮ್ಯಾನುಯಲ್ ಗೇರ್‌ಬಾಕ್ಸಿಗೇ ಕ್ಲಚ್, ಗೇರ್ ತಾನೇ ಬದಲಿಸುವ ಯಂತ್ರ ಜೋಡಿಸಿದ ಆಟೊಮ್ಯಾಟಿಕ್) ಆದರೆ ಮ್ಯಾನುಯಲ್‌ಗೆ ಹಾಕಿ 2ರಲ್ಲಿ ಹಿಡಿದಿಡಿ. ಏರಿನಲ್ಲಿ ಟ್ರಾಫಿಕ್ ನಿಂತಾಗ ಎಎಂಟಿಯನ್ನು ಆಕ್ಸಿಲರೇಟರ್ ಮೇಲೆ ತೂಗಿಸಿ ನಿಲ್ಲಿಸಬೇಡಿ, ಕ್ಲಚ್ ಬೇಯುತ್ತದೆ. ಹ್ಯಾಂಡ್‌ಬ್ರೇಕ್ ಹಾಕಿ ನಿಂತು, ಹೊರಡುವಾಗ ಬಿಡಿ.

ಮಗುವಿಗೆ ವಾಂತಿ ಬರುವ ಸ್ವಭಾವವಿದ್ದರೆ ಗೂಡಲೂರಿನಲ್ಲಿ ಹೊಟ್ಟೆ ತುಂಬ ಪೂರಿ ಬೇಡ, ಎರಡು ಇಡ್ಲಿ ಸಾಕು. ಘಾಟಿಯಲ್ಲಿ ಮೊಬೈಲ್ ಕೈಗೆ ಕೊಡಬೇಡಿ, ದೂರದ ಗುಡ್ಡ ನೋಡುತ್ತಿರಲಿ, ಕಿಟಕಿ ಒಂದಿಂಚು ತೆರೆದಿರಲಿ.

ಕೇತಿಕಣಿವೆ:
ಮಂಡಿನೋವಿಗೆ ಬಿಡಬೇಕಾದ್ದು ಗುಲಾಬಿ ತೋಟ ಮತ್ತು ಕೂನೂರಿನ ಸಿಮ್ಸ್ ಪಾರ್ಕ್. ಮೊದಲನೆಯದು ಮೆಟ್ಟಿಲುಮೆಟ್ಟಿಲು ಹಾಸು. ಎರಡನೆಯದರಲ್ಲಿ ಗೇಟಿನಿಂದ ಕಣಿವೆಗೆ ಇಳಿಯಬೇಕು, ಇಳಿದಷ್ಟನ್ನೂ ಹತ್ತಬೇಕು. 1848ರ ಸಸ್ಯತೋಟವೂ ಇಳಿಜಾರೇ, ಆದರೆ ಕೆಳಭಾಗದ ಹುಲ್ಲುಹಾಸು ಸಮತಟ್ಟು. ಸೆಪ್ಟೆಂಬರ್, ಅಕ್ಟೋಬರ್ ಊಟಿಯ ಎರಡನೇ ಸೀಸನ್ ಆದ್ದರಿಂದ ಹೂಕುಂಡಗಳ ಸಾಲು ಆಗಲೂ ಇರುತ್ತದೆ, ಮೇ ತಿಂಗಳ ಜಾತ್ರೆ ಇರುವುದಿಲ್ಲ. ಅಮ್ಮ ಅಲ್ಲೇ ಬೆಂಚಿನಲ್ಲಿ ಕೂರಲಿ, ನೀವು ಮೇಲೆ ಹೋಗಿ ಬನ್ನಿ. ಫರ್ನ್‌ಹಿಲ್‌ನಲ್ಲಿ ನಮ್ಮ ತೋಟಗಾರಿಕೆ ಇಲಾಖೆಯದೇ ಕರ್ನಾಟಕ ಸಿರಿ ಉದ್ಯಾನವಿದೆ. ನೋಡಲು ಚೆಂದ, ಆದರೆ ಅದೂ ಏರಿಳಿತದ್ದೇ.

ರೈಲು: ಹಲ್ಲುಹಳಿಯ ಮೇಲೆ ಉಗಿ ಎಂಜಿನ್ ಹಿಂದಿನಿಂದ ತಳ್ಳುವ ಪ್ರಸಿದ್ಧ ಭಾಗ ಕಲ್ಲಾರಿನಿಂದ ಕೂನೂರಿನವರೆಗೆ. ಅದಕ್ಕೆ ಬೆಳಿಗ್ಗೆ 7.10ಕ್ಕೆ ಮೇಟ್ಟುಪಾಳ್ಯದಲ್ಲಿರಬೇಕು, ಮೈಸೂರಿನಿಂದ ಬರುವವರಿಗೆ ಬೆಟ್ಟದ ಆ ಬದಿ. ಏರಿಳಿತ 12.5 ಅಡಿಗೆ ಒಂದಡಿ ಇರುವ ಹಳಿ ಅದು. ಹಿಂಗಾರು ಬಂತೆಂದರೆ ಮಣ್ಣು ಬಂಡೆ ಬಿದ್ದು ಮೊದಲು ರದ್ದಾಗುವುದೂ ಅದೇ. ಮಗಳಿಗೆ ಊಟಿಯಿಂದ ಕೂನೂರಿಗೆ 19 ಕಿ.ಮೀ.ನ ಪ್ರಯಾಣ ಸಾಕು. ಡೀಸೆಲ್ ಎಂಜಿನ್, ಸುಮಾರು ಒಂದು ಗಂಟೆ, ಲವ್‌ಡೇಲ್, ಕೇತಿ, ಅರವಂಕಾಡು ದಾಟಿ. ಐಆರ್‌ಸಿಟಿಸಿಯಲ್ಲಿ 60 ದಿನ ಮೊದಲೇ ತೆರೆಯುತ್ತದೆ, ಊಟಿಯ ಸ್ಟೇಷನ್ ಕೋಡ್ ಯುಎಎಂ, ಹಾಗೆಂದೇ ಹುಡುಕಿ. ಅಮ್ಮ, ಮಗಳ ಜೊತೆ ಒಬ್ಬರು ರೈಲಿಗೆ ಹತ್ತಿ, ಇನ್ನೊಬ್ಬರು ಕಾರನ್ನು ರಸ್ತೆಯಲ್ಲಿ ಕೂನೂರು ಸ್ಟೇಷನ್ನಿಗೆ ತಂದರೆ ವಾಪಸ್ ಟಿಕೆಟ್ಟಿನ ತಲೆನೋವಿಲ್ಲ.

ಹಿಂಗಾರುಗಾಳಿ:
ಅದೇ ದಿನ ಕೂನೂರಿನಿಂದ ಕೋತಗಿರಿಗೂ ಹೋಗಿಬನ್ನಿ. ಊಟಿ ಪೇಟೆಗಿಂತ ಅದೇ ಚೆನ್ನ ಎನ್ನುವುದು ನನ್ನ ಪಕ್ಷಪಾತ. ಮುಂಗಾರಿನ ನೀರು ಕುಡಿದ ಚಹಾ ತೋಟ ಆ ವಾರ ಕಣ್ಣು ಕುಕ್ಕುವ ಹಸಿರು. ಸುತ್ತಲಿನ ಹಳ್ಳಿಗಳ ಬಡಗ ಸಮುದಾಯದವರ ಮಾತನ್ನು ಕಿವಿಗೊಟ್ಟು ಕೇಳಿ, ಅರ್ಧಕ್ಕರ್ಧ ತಿಳಿಯುತ್ತದೆ. ಕನ್ನಡದ ಹತ್ತಿರದ ನೆಂಟನೇ ಅದು, ದೊಡ್ಡಬೆಟ್ಟ ಎಂಬ ಹೆಸರಿಗೆ ನಮಗೆ ಅನುವಾದ ಬೇಕಿಲ್ಲವಲ್ಲ.

ದಿನ ಗೊತ್ತುಮಾಡುವ ಮೊದಲು ಪಂಚಾಂಗ ನೋಡಿ. ದಸರಾ ರಜೆ ಆ ವಾರಕ್ಕೇ ಬಿದ್ದರೆ ಮೈಸೂರು ಅರ್ಧ ಊಟಿಯಲ್ಲೇ ಇರುತ್ತದೆ. ಆಗ ಒಂದು ವಾರ ಹಿಂದಕ್ಕೆ ಸರಿಸಿ, ಮುಂದಕ್ಕೆ ಬೇಡ. ಮುಂದೆ ಹೋದಷ್ಟೂ ಕೂನೂರು ಬದಿಗೆ ಹಿಂಗಾರು ಹತ್ತಿರವಾಗುತ್ತದೆ.