ಸನ್ಮಾನಕ್ಕೆ ಹೋಗಲಿ, ಒರಿಜಿನಲ್ ಮಾತ್ರ ಕೊಡಬೇಡ

ಪುಟ್ಟೀ, ನಿನ್ನ ಮೆಸೇಜ್ ಈಗ ನೋಡಿದೆ. ಮಗನಿಗೆ ರೋಟರಿ ಕ್ಲಬ್ಬಿನವರು ಒಳ್ಳೆಯ ಅಪ್ರೆಂಟಿಸ್ (ಫ್ಯಾಕ್ಟರಿಯಲ್ಲಿ ಕೆಲಸ ಕಲಿಯೋ ಹುಡುಗ) ಅಂತ ಸನ್ಮಾನ ಮಾಡ್ತಾರೆ, ಅದಕ್ಕೆ ಫ್ಯಾಕ್ಟರಿಯವರು ಐಟಿಐ ಒರಿಜಿನಲ್ ಮಾರ್ಕ್ಸ್ ಕಾರ್ಡ್ ಕೇಳ್ತಿದ್ದಾರೆ, ಕೊಡಲಾ ಬೇಡವಾ ಅಂತ ಕೇಳಿದ್ದೀಯ. ಕೊಡಬೇಡ. ಜೆರಾಕ್ಸ್ ಕೊಡು, ಒರಿಜಿನಲ್ ತೋರಿಸಿ ಅಲ್ಲೇ ವಾಪಸ್ ತಗೋ.

ನನ್ನ ಕಥೆ ನಿನಗೆ ಗೊತ್ತಲ್ಲ, ಆದರೂ ಹೇಳ್ತೀನಿ, ಆಗ ನೀನು ಚಿಕ್ಕವಳು. ಪೀಣ್ಯದಲ್ಲಿ ನಾನು ಟರ್ನರ್ ಅಪ್ರೆಂಟಿಸ್ ಆಗಿದ್ದೆ, ಲೇತ್ ಮೆಷಿನ್ ಕೆಲಸ. ನಮ್ಮ ಮಾಲೀಕರು "ಬೀರುವಿನಲ್ಲಿ ಭದ್ರವಾಗಿರುತ್ತೆ" ಅಂತ ಎಲ್ಲ ಹುಡುಗರ ಒರಿಜಿನಲ್ ಇಸ್ಕೊಂಡಿದ್ದರು. ಒಂದು ಕ್ಲಬ್ಬಿನವರು ನನಗೆ ಶಾಲು, ಪೇಟ, ಹಣ್ಣಿನ ಬುಟ್ಟಿ ಕೊಟ್ಟರು. ಫೋಟೋದಲ್ಲಿ ಪಕ್ಕ ನಿಂತವರು ಅದೇ ಮಾಲೀಕರು. ಆಮೇಲೆ ದೊಡ್ಡ ಸರ್ಕಾರಿ ಕಾರ್ಖಾನೆಯಿಂದ ಇಂಟರ್‌ವ್ಯೂ ಕಾರ್ಡ್ ಬಂತು. ಒರಿಜಿನಲ್ ತರಬೇಕು ಅಂತಿತ್ತು. ಮಾಲೀಕರನ್ನು ಕೇಳಿದರೆ "ಇನ್ನೆರಡು ವರ್ಷ ಇಲ್ಲೇ ದುಡಿ, ಆಮೇಲೆ ಕೊಡ್ತೀನಿ" ಅಂದರು. ಅಪ್ಪ ಹೋಗಿ ಗೇಟಿನ ಹತ್ತಿರ ಕೈಮುಗಿದು ನಿಂತಿದ್ದರು. ಸೆಕ್ಯೂರಿಟಿಯವನು ಒಳಗೇ ಬಿಡಲಿಲ್ಲ. ಇಂಟರ್‌ವ್ಯೂ ದಿನ ಕಳೆದೇ ಹೋಯ್ತು. ಅಪ್ಪ ಕೈಮುಗಿದಿದ್ದು ನನಗೆ ಇವತ್ತಿಗೂ ಸಹಿಸೋಕೆ ಆಗಲ್ಲ. ಅದಕ್ಕೇ ಮತ್ತೆ ಹೇಳ್ತೀನಿ, ಮ್ಯಾನೇಜರ್ ಎಷ್ಟೇ ಒಳ್ಳೆಯವರಿರಲಿ, ಒರಿಜಿನಲ್ ಕೈಬಿಡಬೇಡ.

ಇನ್ನು ಈ ಸನ್ಮಾನಗಳು. ಅವತ್ತು ಮೈಕ್ ಹಿಡಿದವರು "ಓದು ತಲೆಗೆ ಹತ್ತದಿದ್ದರೂ ಈ ಹುಡುಗರು" ಅಂತಲೇ ಶುರು ಮಾಡಿದರು. ಡ್ರಾಯಿಂಗ್ ಓದಿ, ಮೈಕ್ರೋಮೀಟರ್ ಹಿಡಿದು, ಮಿಲಿಮೀಟರಿನ ನೂರನೇ ಒಂದು ಭಾಗ ಲೆಕ್ಕ ಹಾಕಿ ಕೆಲಸ ಮಾಡೋದು ಓದಲ್ಲವಾ? ಅತಿಥಿಗಳ ಭಾಷಣ ಮುಗಿಯಲೇ ಇಲ್ಲ. ನೀನು ಏನು ಮಾಡಿದೆ ಅಂತ ಒಬ್ಬರೂ ನಮ್ಮನ್ನು ಕೇಳಲಿಲ್ಲ. ಕಸುಬಿನ ಬೆಲೆ ರೋಟರಿಯವರಿಗಾದರೂ ಗೊತ್ತಿರಬೇಕು, 1905ರಲ್ಲಿ ಶಿಕಾಗೋದಲ್ಲಿ ರೋಟರಿ ಶುರು ಮಾಡಿದ ನಾಲ್ವರಲ್ಲಿ ಒಬ್ಬರು ದರ್ಜಿ ಅಂಗಡಿಯವರು, ಒಬ್ಬರು ಕಲ್ಲಿದ್ದಲು ವ್ಯಾಪಾರಿ. ಜನವರಿ ತಿಂಗಳನ್ನು ಅವರು ವೃತ್ತಿ ಸೇವೆಗೆ ಅಂತಲೇ ಇಟ್ಟಿದ್ದಾರೆ. ಹುಡುಗರು ಕೈಯಾರೆ ತಯಾರಿಸಿದ ಬಿಡಿಭಾಗಗಳನ್ನು ಒಂದು ಮೇಜಿನ ಮೇಲೆ ಇಟ್ಟು ಎಲ್ಲರಿಗೂ ತೋರಿಸಿದರೆ ಸಾಕು, ಅದು ಸನ್ಮಾನ. ನಮ್ಮ ಮನೆಯವರೇನು ಕಡಿಮೆಯಾ? ದೊಡ್ಡಣ್ಣನ ಮಗನಿಗೆ ಎಂಜಿನಿಯರಿಂಗ್ ಸೀಟು ಸಿಕ್ಕಾಗ ಈ ಗ್ರೂಪಲ್ಲಿ ಲಾಡು ಹಂಚಿದ ಫೋಟೋ. ನಿನ್ನ ಮಗ ಐಟಿಐನಲ್ಲಿ ಫಿಟ್ಟರ್ ಕೋರ್ಸಿಗೆ ಸೇರಿದಾಗ "ಪಾಪ" ಅಂದರು. ನನಗೆ ಎಲ್ಲಾ ನೆನಪಿದೆ.

ಅಯ್ಯೋ, ಮುಖ್ಯವಾದದ್ದೇ ಬಿಟ್ಟೆ. ಅವನ ಅಪ್ರೆಂಟಿಸ್ ಕಾಂಟ್ರ್ಯಾಕ್ಟ್ ಸರ್ಕಾರದ ಪೋರ್ಟಲ್‌ನಲ್ಲಿ ನೋಂದಣಿ ಆಗಿದೆಯಾ? ಇವತ್ತೇ ಅವನಿಂದ ಲಾಗಿನ್ ಮಾಡಿಸಿ ನೋಡು. 1961ರ ಅಪ್ರೆಂಟಿಸ್ ಕಾಯ್ದೆ ಪ್ರಕಾರ ಅದು ಆಗಲೇಬೇಕು. ಆಗಿದ್ದರೇ ಕೊನೆಗೆ ಅಖಿಲ ಭಾರತ ಪರೀಕ್ಷೆ ಬರೆಯೋಕೆ ಆಗೋದು, ಪಾಸಾದರೆ ರಾಷ್ಟ್ರೀಯ ಅಪ್ರೆಂಟಿಸ್ ಸರ್ಟಿಫಿಕೇಟ್ ಸಿಗೋದು. ನೌಕರಿಗೆ ಅರ್ಜಿ ಹಾಕುವಾಗ ಕೇಳೋದು ಅದನ್ನು, ಶಾಲನ್ನಲ್ಲ. ಆಧಾರ್‌ಗೆ ಬ್ಯಾಂಕ್ ಖಾತೆ ಜೋಡಣೆ ಆಗಿದೆಯಾ ಅಂತಲೂ ನೋಡು, ಸ್ಟೈಪೆಂಡಿನಲ್ಲಿ ಕೇಂದ್ರದ ಪಾಲು ನೇರ ಅಲ್ಲಿಗೇ ಬರುತ್ತೆ.

ಸನ್ಮಾನಕ್ಕೆ ಖಂಡಿತ ಹೋಗಲಿ. ನೀನೂ ಹೋಗು, ಮುಂದಿನ ಸಾಲಲ್ಲಿ ಕೂತ್ಕೋ. ಎಲ್ಲಿ, ಎಷ್ಟು ಗಂಟೆಗೆ ಅಂತ ಗ್ರೂಪಿಗೆ ಹಾಕು, ನಾನು ಅತ್ತಿಗೆ ಇಬ್ಬರೂ ಬರ್ತೀವಿ.